ಲೋವ್ರೆಯ ದೋಣಿಗೆ ಕಣ್ಣು ಬಂದದ್ದು

ಕಳುವಾದದ್ದು ದೋಣಿಯ ಒಂದೇ ಒಂದು ಹುಟ್ಟು. ಎರಡೂ ಹೋಗಿದ್ದರೆ ಲೋವ್ರೆ ನಾಲ್ಕು ಬೈಗುಳ ಬೈದು ಹೊಸ ಜೋಡಿ ಕೊಂಡು ಸುಮ್ಮನಾಗುತ್ತಿದ್ದ. ಒಂಟಿ ಹುಟ್ಟು ಕದ್ದವನು ಎಂಥ ಮನುಷ್ಯ, ಅದನ್ನಿಟ್ಟುಕೊಂಡು ಏನು ಮಾಡುತ್ತಾನೆ ಎಂಬ ಯೋಚನೆ ಮಾತ್ರ ಅವನ ನಿದ್ದೆ ಕೆಡಿಸಿತು. ದೋಣಿಗೊಂದು ಕ್ಯಾಮೆರಾ ಹಾಕಿಸುವುದೆಂದು ತೀರ್ಮಾನಿಸಿದ. ಅದೇನೂ ತಪ್ಪಲ್ಲ. ಆ ಮಾತನ್ನು ನೆವೆಂಕಾಳ ಕಾಫಿ ಅಂಗಡಿಯಲ್ಲಿ ಕೂತು ಬಾಯಿಬಿಟ್ಟು ಹೇಳಿದ್ದು ತಪ್ಪು.

"ಮನೆ ಬಾಗಿಲಿಗೆ ಹಾಕೋದು ತರಬೇಡ ಮಾರಾಯ," ಎಂದ ಪಕ್ಕದ ದೋಣಿಯ ಶಿಮೆ. "ಉಪ್ಪುಗಾಳಿಗೆ ತಿಂಗಳೂ ಬಾಳಲ್ಲ. ನೀರು ಹೋಗದ ಹಾಗೆ ಮುಚ್ಚಿರೋದು ಬೇಕು. ದೋಣಿ ಬ್ಯಾಟರಿಲೇ ಓಡ್ಬೇಕು, ಒಳಗೆ ಸಿಮ್ ಇರ್ಬೇಕು."

"ಕತ್ತಲಲ್ಲೂ ಕಾಣ್ಬೇಕು," ಎಂದಳು ನೆವೆಂಕಾ. "ಕಳ್ಳ ಏನು ಹಗಲು ಬಂದು ಕಾಫಿ ಕುಡ್ಕೊಂಡು ಹೋಗ್ತಾನಾ?"

ಮೂಲೆಯಲ್ಲಿದ್ದ ಲೋವ್ರೆಯ ಅಪ್ಪ ಫ್ರಾನೆ ಬಂದರಿನ ಕಡೆ ನೋಡುತ್ತಲೇ ಹೇಳಿದ, "ನಮ್ಮ ಕಾಲದಲ್ಲಿ ದೋಣಿಗೆ ಕಣ್ಣು ಇರಲಿಲ್ಲ. ನಮಗಿತ್ತು."

ಹೀಗೆ ಊರೆಲ್ಲ ಸೇರಿ ಆರಿಸಿದ ಕ್ಯಾಮೆರಾ ಕಡಲಾಚೆಯ ಸ್ಪ್ಲಿಟ್ ಪೇಟೆಯಿಂದ ಬಂತು. ಮರುದಿನ ಬೆಳಕು ಹರಿಯುವ ಮೊದಲೇ ಶಿಮೆ ಸ್ಕ್ರೂಡ್ರೈವರ್ ಹಿಡಿದು ಹಾಜರಾದ. ದೋಣಿಯ ಮೂತಿಗೆ ಹಾಕಿದರೆ ಅಲೆ ಹೊಡೆದು ಗಾಜು ಮಂಜಾಯಿತು. ದೋಣಿಯ ಕಂಬಕ್ಕೆ ಹಾಕಿದರೆ ದೋಣಿ ಅಲ್ಲಾಡಿದಂತೆ ಚಿತ್ರದಲ್ಲಿ ಊರೇ ಕುಡಿದವರ ಹಾಗೆ ಓಲಾಡಿತು. ಕೊನೆಗೆ ಚಾವಣಿಯ ಕೆಳಗೆ, ಹಿಂದಕ್ಕೆ ಮುಖ ಮಾಡಿ ಕೂರಿಸಿದರು. ಅಲ್ಲಿಂದ ದೋಣಿಯ ಹಿಂಬದಿ, ಬಲೆ, ಅದರಾಚೆಗೆ ಇಡೀ ದಡ ಸೊಗಸಾಗಿ ಕಾಣುತ್ತಿತ್ತು. ಕಳ್ಳ ಆರಿಸಬಾರದೆಂದು ಸ್ವಿಚ್ಚೇ ಇಡದೆ ಶಿಮೆ ವೈರನ್ನು ನೇರ ಬ್ಯಾಟರಿಗೆ ಜೋಡಿಸಿ, ಮೇಲೆ ಟೇಪು ಸುತ್ತಿದ. ಲೋವ್ರೆಯದು ಗುಂಡಿಗಳ ಹಳೇ ಫೋನು, ಅದರಲ್ಲಿ ಚಿತ್ರ ಬರುವುದಿಲ್ಲ. ಹಾಗಾಗಿ ಕ್ಯಾಮೆರಾವನ್ನು ನೆವೆಂಕಾಳ ಅಂಗಡಿಯ ಟಿವಿಗೆ ಜೋಡಿಸಿದ್ದಾಯಿತು. ರಾತ್ರಿ ಕಳ್ಳನನ್ನು ಕಾಯಲು ಅಷ್ಟು ಸಾಕು ಎಂದುಕೊಂಡು ಲೋವ್ರೆ ಹಾಯಾಗಿ ಮೀನಿಗೆ ಹೊರಟ.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ದ್ವೀಪದ ಮೀನುಗಾರ ಹೆಂಡತಿಗೆ ಏನನ್ನಾದರೂ ಹೇಳಿಯಾನು, ಮೀನು ಸಿಗುವ ಜಾಗ ಮಾತ್ರ ಹೇಳುವುದಿಲ್ಲ. ಲೋವ್ರೆಗೆ ಅವನ ಜಾಗವನ್ನು ಕೊಟ್ಟದ್ದು ಅಪ್ಪ, ಅದೂ ಆಣೆ ಹಾಕಿಸಿಕೊಂಡು. ಕಡಲಿನಿಂದ ನೋಡುವಾಗ ಚರ್ಚಿನ ಗಂಟೆಗೋಪುರ ದಡದ ಹಳೇ ಸುಣ್ಣದ ಗೂಡಿನ ನೇರಕ್ಕೆ ಬಂದಾಗ ದೋಣಿ ನಿಲ್ಲಿಸಬೇಕು. ಅಲ್ಲಿ ಮೀನು ರಾಶಿ ಬೀಳುತ್ತಿತ್ತೆಂದಲ್ಲ, ಆದರೆ ಮನೆ ನಡೆಯುತ್ತಿತ್ತು. ಆ ನೇರ ಇನ್ನೊಬ್ಬರಿಗೆ ತಿಳಿದರೆ ಲೋವ್ರೆಯ ಕತೆ ಮುಗಿದಂತೆ.

ಅರ್ಧ ದಾರಿಯಲ್ಲಿ ಫೋನು ಬಂತು.

"ಲೋವ್ರೆ, ಟೋಪಿ ಸರಿಮಾಡ್ಕೋ. ಹಿಂದೆಮುಂದೆ ಆಗಿದೆ," ಎಂದಳು ನೆವೆಂಕಾ.

"ನಿಂಗೆ ಹೆಂಗೆ ಗೊತ್ತು?"

"ಟಿವಿಲಿ ಕಾಣ್ತಿದೆ. ಹಾಡಿದ್ದೂ ಕೇಳಿಸ್ತು. ಇನ್ನು ಹಾಡ್ಬೇಡ, ಅಂಗಡಿಲಿ ಗಿರಾಕಿಗಳಿದ್ದಾರೆ."

ಲೋವ್ರೆ ಫೋನನ್ನು ಕಿವಿಗೆ ಒತ್ತಿಕೊಂಡ. "ಯಾರ್ಯಾರಿದ್ದಾರೆ?"

"ಯಾರಿಲ್ಲ ಅಂತ ಕೇಳು."

ಅವನು ಹಿಂದಿರುಗಿ ನೋಡಿದ. ದೂರದ ದಡದಲ್ಲಿ ಗಂಟೆಗೋಪುರ ಮೆಲ್ಲಮೆಲ್ಲಗೆ ಸುಣ್ಣದ ಗೂಡಿನ ಕಡೆ ಸರಿಯುತ್ತಿತ್ತು, ಅದನ್ನು ಇಡೀ ಬಂದರು ಕಾಫಿ ಹೀರುತ್ತ ನೋಡುತ್ತಿತ್ತು. ವೈರು ಕೀಳಲು ಹೋದ, ಟೇಪಿನ ತುದಿಯೇ ಸಿಗಲಿಲ್ಲ. ಗೋಣಿಚೀಲ ಮುಚ್ಚೋಣವೆಂದರೆ ಜಾಗ ಹತ್ತಿರ ಬಂತೆಂದು ತಾನೇ ಕೂಗಿ ಹೇಳಿದಂತೆ. ಆಗ ಅವನ ತಲೆಗೊಂದು ಉಪಾಯ ಹೊಳೆಯಿತು, ಅದು ಅವನಿಗೆ ಬಹಳ ಅಪರೂಪ.

ಚುಕ್ಕಾಣಿ ತಿರುಗಿಸಿ ನೇರ ಬೋಳುಗಡ್ಡೆಯ ಕಡೆ ಹೋದ. ಗಿಡವಿಲ್ಲ, ಹುಲ್ಲಿಲ್ಲ, ಬರೀ ಕಲ್ಲಿನ ದ್ವೀಪ ಅದು. ಅದರ ಸುತ್ತ ಒಂದು ಸೀಗಡಿಯೂ ಸಿಗುವುದಿಲ್ಲ, ಆ ಕಡೆ ತಲೆ ಹಾಕಬೇಡ ಎಂದು ಅಪ್ಪ ಚಿಕ್ಕಂದಿನಿಂದ ಹೇಳುತ್ತಿದ್ದ. ಲೋವ್ರೆ ಅಲ್ಲಿ ಎಂಜಿನ್ ನಿಲ್ಲಿಸಿ, ಕಳ್ಳನಂತೆ ಸುತ್ತ ನೋಡಿ, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಗಾಳದ ಹಗ್ಗವನ್ನು ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ಪ್ರೀತಿಯಿಂದ ನೀರಿಗಿಳಿಸಿದ. ಸ್ವಲ್ಪ ಹೊತ್ತಿಗೆ ಬಂದರಿನ ಕಡೆಯಿಂದ ಎಂಜಿನ್ನುಗಳ ಸದ್ದು ಕೇಳಿತು. ಎಲ್ಲಕ್ಕಿಂತ ಮುಂದೆ ಶಿಮೆಯ ದೋಣಿ ಬರುತ್ತಿತ್ತು.

ಲೋವ್ರೆ ಖಾಲಿ ಗಾಳ ಎಳೆದುಕೊಂಡು, ಸಿಕ್ಕಿಬಿದ್ದವನಂತೆ ಮುಖ ಸಣ್ಣ ಮಾಡಿ ಅಲ್ಲಿಂದ ಜಾರಿದ. ಬೋಳುಗಡ್ಡೆಯ ಮರೆಗೆ ಬಂದ ಮೇಲೆ ಕ್ಯಾಮೆರಾದ ಮೇಲೆ ಗೋಣಿಚೀಲ ಎಸೆದು, ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತನ್ನ ಜಾಗಕ್ಕೆ ಹೋಗಿ ದಿನವಿಡೀ ಕೂತ. ಎಂದಿನಂತೆ ರಾತ್ರಿಯ ಸಾರಿಗೂ ಒಂದಿಷ್ಟು ಮಾರಾಟಕ್ಕೂ ಆಗುವಷ್ಟು ಮೀನು ಸಿಕ್ಕಿತು.

ಸಂಜೆ ಬಂದರಿಗೆ ಬಂದರೆ ಕಟ್ಟೆಯ ಮೇಲೆ ಹಬ್ಬ. ಪೆಟ್ಟಿಗೆಗಳಲ್ಲಿ ಮೊಳದುದ್ದದ ಕೆಂಪು ಮೀನುಗಳು ಬಾಲ ಬಡಿಯುತ್ತಿದ್ದವು. ಶಿಮೆ ಓಡಿ ಬಂದು ತಬ್ಬಿಕೊಂಡ.

"ಎಂಥ ಜಾಗ ಇಟ್ಕೊಂಡಿದ್ಯೋ ಮಾರಾಯ. ಮೊದ್ಲು ನಾವು ನಂಬ್ಲಿಲ್ಲ. ಬೋಳುಗಡ್ಡೆ ತೋರಿಸಿ ಆಟ ಆಡಿಸ್ತಿದೀಯ ಅಂತಾನೇ ಅಂದ್ಕೊಂಡ್ವಿ."

"ಮತ್ತೆ ಯಾಕೆ ಬಂದ್ರಿ?"

"ನೀನು ಗಾಳ ಇಳಿಸಿದ್ದೇ ತಡ, ಫ್ರಾನೆ ಮಾವ ಎದೆ ಹಿಡ್ಕೊಂಡು 'ಇವನಿಗೆ ಯಾರು ಹೇಳಿದ್ರು' ಅಂತ ಕೂಗಿದ್ರು. ಇನ್ನೇನು ಬೇಕು? ಓಡಿದ್ವಿ."

ಲೋವ್ರೆ ಅಂಗಡಿಯೊಳಗೆ ಹೋದ. ಅಪ್ಪ ಅದೇ ಮೂಲೆಯಲ್ಲಿ ಕೂತಿದ್ದ. ಟಿವಿಯಲ್ಲಿ ಇನ್ನೂ ಗೋಣಿಚೀಲದ ಒಳಮೈ ಕಾಣುತ್ತಿತ್ತು.

"ಅಪ್ಪ, ಅಲ್ಲಿ ಏನೂ ಸಿಗಲ್ಲ ಅಂತ ನೀನೇ ಅಂದಿದ್ದೆ."

"ಅಂದಿದ್ದೆ. ನೀನು ಹೋಗ್ಬಾರ್ದು ಅಂತ."

"ನಾನು ನಿನ್ನ ಮಗ."

"ಮಗ ಅಂತಾನೇ ಆ ಇನ್ನೊಂದು ಜಾಗನಾದ್ರೂ ಕೊಟ್ಟೆ. ಇದನ್ನ ಸಾಯೋ ಮುಂಚೆ ಹೇಳೋಣ ಅಂತಿದ್ದೆ. ನಿಮ್ಮಮ್ಮಂಗೂ ಹೇಳಿರ್ಲಿಲ್ಲ. ನೀನು ಟಿವಿಲಿ ತೋರಿಸ್ದೆ."

ಲೋವ್ರೆಗೆ ಅಳು ಬಂತು, ನಗುವೂ ಬಂತು. ಕುರ್ಚಿ ಎಳೆದುಕೊಂಡು ಅಪ್ಪನ ಕಿವಿಯ ಹತ್ತಿರ ಬಾಗಿ, ಯಾರಿಗೂ ಕೇಳದಂತೆ ಪಿಸುಗುಟ್ಟಿದ, "ಇನ್ನೂ ಯಾವ್ದಾದ್ರೂ ಜಾಗ ಇದ್ಯಾ?"

ಫ್ರಾನೆ ಕಾಫಿಯ ಕೊನೆಯ ಗುಟುಕು ಕುಡಿದು, ಮಗನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಇಲ್ಲ," ಎಂದ.

ಬೋಳುಗಡ್ಡೆಯ ಹತ್ತಿರ ಏನೂ ಸಿಗುವುದಿಲ್ಲ ಎಂದು ಹೇಳುವಾಗಲೂ ಅವನ ಮುಖ ಹೀಗೆಯೇ ಇರುತ್ತಿತ್ತು.