ಹಿಂದುಮುಂದಾದ ವಿಮಾನಯಾನ

ದಿಗ್ವಿಜಯ ಮುಗಿಸಿ ಬಂದ ಚಕ್ರವರ್ತಿಯ ಠೀವಿಯಲ್ಲಿ ಚಪ್ಪಲಿ ಅಂಗಡಿಯ ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ಪ್ರತ್ಯಕ್ಷರಾದರು. ದೂರದೂರಿನಲ್ಲಿದ್ದ ಮಗಳಿಗೆ ಹೆರಿಗೆಯಾಗಿತ್ತು. ಮೊಮ್ಮಗಳ ಮುಖ ನೋಡಲೇಬೇಕೆಂದು ಹೆಂಡತಿ ಹಟ ಹಿಡಿದಿದ್ದಳು.

“ವಿಮಾನದ ಟಿಕೆಟ್ ಅರ್ಧ ದುಡ್ಡಿಗೆ ಹೊಡೆದೆ ಕಣೇ! ಯಾರನ್ನೂ ಕೇಳದೆ, ಇದೇ ಬೆರಳಲ್ಲಿ!”

ಹೆಂಡತಿ ಒದ್ದೆ ಕೈ ಒರೆಸಿಕೊಂಡು ಫೋನ್ ನೋಡಿದಳು.

“ರೀ, ಇದರ ಪ್ರಕಾರ ನಾವು ಮಗಳ ಊರಿಂದ ಹೊರಟು ಇಲ್ಲಿಗೆ ಬರ್ತೀವಿ. ವಾರ ಬಿಟ್ಟು ಇಲ್ಲಿಂದ ಅಲ್ಲಿಗೆ ವಾಪಸ್ ಹೋಗ್ತೀವಿ. ಮೊದಲು ಅಲ್ಲಿಗೆ ಹೋಗೋದು ಹೇಗೆ? ನಡ್ಕೊಂಡಾ?”

ಯಜಮಾನರ ಮುಖ ಹುಳ್ಳಗಾಯಿತು. ಕಡಿಮೆ ಬೆಲೆ ಕಂಡ ಸಂಭ್ರಮದಲ್ಲಿ ಅವರ ಕಣ್ಣು ಮಿಕ್ಕಿದ್ದನ್ನು ಓದುವ ಗೋಜಿಗೇ ಹೋಗಿರಲಿಲ್ಲ. ಆದರೂ ತಪ್ಪೊಪ್ಪಿಕೊಂಡರೆ ಗಂಡನೆಂಬ ಪದವಿಗೇ ಕುಂದಲ್ಲವೇ? ವಿಮಾನದವರ ಗ್ರಾಹಕ ಸೇವೆಗೆ ಫೋನ್ ಹಚ್ಚಿದರು. ಬಹಳ ಹೊತ್ತು ಸಂಗೀತ ಕೇಳಿಸಿತು. ಸಂಗೀತ ಬಾಯಿಪಾಠವಾಗುವ ಹೊತ್ತಿಗೆ ಒಬ್ಬ ಹುಡುಗಿ ಸಿಕ್ಕಳು.

“ಕ್ಷಮಿಸಿ ಸರ್, ಇದು ರಿಯಾಯಿತಿ ಟಿಕೆಟ್. ಬದಲಾಯಿಸಿದ್ರೆ ದಂಡವೇ ಟಿಕೆಟ್‌ಗಿಂತ ಜಾಸ್ತಿ ಆಗತ್ತೆ. ರದ್ದು ಮಾಡಿದ್ರೆ ದುಡ್ಡು ವಾಪಸ್ ಬರಲ್ಲ. ಆದ್ರೆ—”

“ಆದ್ರೆ ಗೀದ್ರೆ ಬೇಡ! ಹಗಲು ದರೋಡೆ ಇದು! ನಾನೂ ವ್ಯಾಪಾರ ಮಾಡೋನೇ ಕಣಮ್ಮ. ಗಿರಾಕಿ ಹತ್ರ ಹೀಗಾ ನಡ್ಕೊಳ್ಳೋದು?”

(ಈ ಗಿರಾಕಿಪ್ರಿಯರ ಗಲ್ಲಾಪೆಟ್ಟಿಗೆಯ ಮೇಲೆ ‘ಮಾರಿದ ಚಪ್ಪಲಿ ಯಾವ ಕಾರಣಕ್ಕೂ ವಾಪಸ್ ಇಲ್ಲ’ ಎಂಬ ಹಲಗೆ ತೂಗುತ್ತಿತ್ತು. ‘ಯಾವ ಕಾರಣಕ್ಕೂ’ ಎಂಬುದು ಕೆಂಪಕ್ಷರದಲ್ಲಿತ್ತು.)

ಹುಡುಗಿ ಮೂರು ಸಲ ‘ಆದ್ರೆ’ ಅಂದಳು. ಯಜಮಾನರು ಮೂರು ಸಲವೂ ಗುಡುಗಿದರು. ಕೊನೆಗೆ ಹೆಂಡತಿ ಫೋನ್ ಕಸಿದುಕೊಂಡಳು.

“ಪಾಪ, ಬೆಳಿಗ್ಗೆಯಿಂದ ಎಷ್ಟು ಜನರ ಹತ್ರ ಬೈಸ್ಕೊಂಡ್ಯಮ್ಮಾ? ತಪ್ಪು ನಮ್ಮದೇ. ನಮ್ಮ ಅಂಗಡೀಲೂ ವಾಪಸ್ ತಗೊಳಲ್ಲ, ನಿನ್ನ ಬೈಯೋಕೆ ನಮಗೆ ಮುಖ ಇಲ್ಲ. ಆದ್ರೆ ಮೊಮ್ಮಗಳನ್ನ ನೋಡ್ದೆ ನನ್ನ ಕೈಲಿ ಇರಕ್ಕಾಗಲ್ಲ. ನಮ್ಮ ಜಾಗದಲ್ಲಿ ನೀನಿದ್ದಿದ್ರೆ ಏನ್ ಮಾಡ್ತಿದ್ದೆ?”

ಹುಡುಗಿಯ ದನಿ ಮೆತ್ತಗಾಯಿತು. “ಟಿಕೆಟ್ ತಗೊಂಡ ದಿನವೇ ಆದ್ರೆ ಒಂದು ಸಲ ದಂಡ ಇಲ್ದೆ ಬದಲಾಯಿಸಬಹುದು ಆಂಟಿ. ಅದನ್ನ ಹೇಳೋಕೆ ಸರ್ ಬಿಟ್ರೆ ತಾನೇ!”

ಅರೆಗಳಿಗೆಯಲ್ಲಿ ವಿಮಾನದ ಮೂತಿ ಸರಿಯಾದ ಕಡೆಗೆ ತಿರುಗಿತು. ಯಜಮಾನರು ಹೆಂಡತಿಯನ್ನು ಹೊಸದಾಗಿ ಕಂಡವರಂತೆ ನೋಡಿದರು. ಇಷ್ಟು ವರ್ಷ ಸಂಸಾರ ಮಾಡಿಯೂ ಮನೆಯಲ್ಲೇ ಇಂಥ ರಾಜತಂತ್ರ ನಿಪುಣೆ ಇದ್ದಾಳೆಂದು ಗೊತ್ತಾಗಲಿಲ್ಲವಲ್ಲ! ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಅದೇ ಆವೇಶದಲ್ಲಿ ಅಂಗಡಿಗೆ ಹೋಗಿ ಹಳೆಯ ಹಲಗೆ ಇಳಿಸಿ, ‘ಮಾರಿದ ಚಪ್ಪಲಿ ಸಂತೋಷದಿಂದ ವಾಪಸ್’ ಎಂದು ಬರೆದು ತೂಗುಹಾಕಿದರು.

ಸಂಜೆ ಮೊದಲ ಗಿರಾಕಿ ಬಂದಳು. ಹೆಂಡತಿಯೇ. ಕೈಯಲ್ಲಿ ದೊಡ್ಡ ಚೀಲ. ಪ್ರತಿ ವರ್ಷ ಮದುವೆಯ ವಾರ್ಷಿಕೋತ್ಸವ ಬಂದಾಗಲೆಲ್ಲ ಅಂಗಡಿಯಲ್ಲಿ ಖರ್ಚಾಗದೆ ಉಳಿದ ಜೋಡಿಯನ್ನೇ ಯಜಮಾನರು ಪ್ರೀತಿಯ ಕಾಣಿಕೆಯಾಗಿ ಕೊಡುತ್ತಿದ್ದರು. ಆ ಕಾಣಿಕೆಗಳನ್ನೆಲ್ಲ ಅವಳು ಗಲ್ಲಾಪೆಟ್ಟಿಗೆಯ ಮೇಲೆ ಸುರಿದಳು.

“ಒಂದೂ ನನ್ನ ಕಾಲಿಗೆ ಆಗಲ್ಲ ರೀ. ವಾಪಸ್ ತಗೊಳ್ಳಿ.” ಅವಳ ಬೆರಳು ಗಾಜಿನ ಕಪಾಟಿನಲ್ಲಿದ್ದ ಅತಿ ದುಬಾರಿ ಜೋಡಿಯತ್ತ ಚಾಚಿತು. “ಮೊಮ್ಮಗಳನ್ನ ನೋಡೋಕೆ ಹೋಗುವಾಗ ಅದನ್ನ ಹಾಕ್ಕೋತೀನಿ.”

ಯಜಮಾನರು ಹಣೆಯ ಬೆವರೊರೆಸಿಕೊಂಡರು. “ತಗೊಳ್ಳೋಣ ಕಣೇ, ಆದ್ರೆ—”

“ಆದ್ರೆ ಗೀದ್ರೆ ಬೇಡ!” ಎಂದಳು ಹೆಂಡತಿ.