‘ಸುಣ್ಣದ ಭಟ್ಟಿ’ಯ ಮೂರು ಸೀಡಿಗಳ ಮಹಾಸಮರ

ಕೇಳಿರಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮೂರು ತಾಸು ಮಿಸುಕದೆ ಕೂರಬಲ್ಲ ಧೀರರೇ! ಟಾಕೀಸುಗಳೆಲ್ಲ ಕಲ್ಯಾಣಮಂಟಪಗಳಾಗಿ ಮರುಜನ್ಮ ಪಡೆದ, ಸಿನಿಮಾ ಎಂಬುದು ಅಂಗೈಯಗಲದ ಗಾಜಿನೊಳಗೆ ಕುಗ್ಗಿಹೋದ ಈ ಕಲಿಯುಗದಲ್ಲಿ, ಧಾರವಾಡವೆಂಬ ಏಳು ಗುಡ್ಡಗಳ ಪಟ್ಟಣದಲ್ಲಿ, ಇಸ್ತ್ರಿ ಮಾಡಿದ ಬಿಳಿ ಚಾದರವನ್ನೇ ಬೆಳ್ಳಿತೆರೆಯೆಂದು ನಂಬಿದ ಹದಿನಾಲ್ಕು ಮಹಾರಥಿಗಳ ‘ಮೂರನೇ ಕಣ್ಣು ಚಿತ್ರಸಮಾಜ’ದ ಮೇಲೆ ಏಕಾಂಗಿಯಾಗಿ ದಂಡೆತ್ತಿ ಹೋದ ನೀಲಾಂಬಿಕೆಯ ಕಥೆಯಿದು.

ಗಂಡ ಗುರುಪಾದ ಮಣ್ಣಾಗಿ ಹನ್ನೆರಡು ದಿನಗಳಾಗಿದ್ದವು. ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ, ವಯಸ್ಸು ಮೂವತ್ತನಾಲ್ಕು. ಕೊನೆಯ ನೆಂಟರು ಹಿಂದಿನ ಸಂಜೆ ಊರಿಗೆ ಹೊರಟಿದ್ದರು. ಅಂದು ಬೆಳಿಗ್ಗೆ ನಲ್ಲಿಗೆ ನೀರು ಬಂತು, ಹಾಲಿನವನು ಬಂದ, ಎದುರುಮನೆಯ ಕುಕ್ಕರ್ ಕೂಗಿತು. ನೀಲಾಂಬಿಕೆಗೆ ಅಳು ಬರಲಿಲ್ಲ. ಟೀವಿಯ ಕೆಳಗಿನ ಖಾನೆಯ ಧೂಳು ಒರೆಸಬೇಕೆನಿಸಿತು. ಒರೆಸಿದಳು. ಅಲ್ಲಿತ್ತು, ರಬ್ಬರ್ ಬ್ಯಾಂಡ್ ಬಿಗಿದ ಆ ಅಸ್ತ್ರತ್ರಯ: ‘ಸುಣ್ಣದ ಭಟ್ಟಿ’, ಸೀಡಿ ಒಂದು, ಎರಡು, ಮೂರು.

ಒಂದೇ ಒಂದು ಸಿನಿಮಾ ತೆಗೆದು, ಅದು ಯಾವ ಟಾಕೀಸಿಗೂ ಬಾರದೆ, ಕೊನೆಗೆ ಕೋಳಿ ಫಾರಂ ಹಾಕಿದ ನಿರ್ದೇಶಕನ ಮಹಾಕೃತಿ ಅದು. ಭಟ್ಟಿಯ ಆಳೊಬ್ಬ ಕೆಲಸಕ್ಕೆ ಸೇರುವುದು ಮೊದಲ ಸೀಡಿ; ಸುಟ್ಟ ಸುಣ್ಣದಲ್ಲಿ ಬಿದ್ದು ಸಾಯುವುದು, ಅವನನ್ನು ಹೂಳುವುದು ಎರಡನೆಯದು; ಮೂರನೆಯದರಲ್ಲಿ ಅದೇ ಆಳು ಗಂಟೆ ಬಾರಿಸುತ್ತ ಸೈಕಲ್ಲಿನಲ್ಲಿ ಮನೆಗೆ ಬಂದು, ಕಾಲು ತೊಳೆದು, ‘ಏನ್ ಮಾಡೀದಿ ಊಟಕ್ಕ?’ ಎಂದು ಹೆಂಡತಿಯನ್ನು ಕೇಳುತ್ತಾನೆ. ಸತ್ತವನು ಊಟ ಕೇಳುವ ಈ ಅದ್ಭುತಕ್ಕೆ ಸಮಾಜವು ಹನ್ನೊಂದು ವರ್ಷ ತಲೆದೂಗಿತ್ತು. ‘ಕಾಲದ ಬೆನ್ನೆಲುಬನ್ನೇ ಮುರಿದ ಕೃತಿ’ ಎಂದು ಲೇಖನಗಳೂ ಬಂದಿದ್ದವು.

ಮುರಿದವನು ನಿರ್ದೇಶಕನಲ್ಲವೆಂದು ಕಂಡುಹಿಡಿದವನೇ ಗುರುಪಾದ. ಮೂರನೆಯ ಸೀಡಿಯಲ್ಲಿ ಗೋಡೆಯ ಕ್ಯಾಲೆಂಡರು ಜೂನ್ ತಿಂಗಳದ್ದು. ಎರಡನೆಯದರಲ್ಲಿ ಆಗಲೇ ಆಗಸ್ಟ್! ಸೀಡಿಗಳ ಮೇಲೆ ಸ್ಕೆಚ್ ಪೆನ್ನಿನಿಂದ ಅಂಕಿ ಬರೆಯುವಾಗ ಕಾರ್ಯದರ್ಶಿ ಗಲಗಲಿ ಮಾಸ್ತರು ಎರಡು-ಮೂರನ್ನು ಅದಲುಬದಲು ಮಾಡಿದ್ದರು, ಅಷ್ಟೆ. ತುಂಬಿದ ಸಭೆಯಲ್ಲಿ, ಅಂದರೆ ಒಂಬತ್ತು ಮಂದಿಯ ಎದುರು, ಅವನು ಇದನ್ನು ಸಾರಿದಾಗ ಎಲ್ಲರೂ ನಕ್ಕರು. ‘ನಿಮ್ಮ ಕೈಯಾರೆ ಅಂಕಿ ತಿದ್ದೂತನಕಾ ಇವನ್ನ ಹೊಳ್ಳಿ ಕೊಡಂಗಿಲ್ರೀ’ ಎಂದು ಘೋರಪ್ರತಿಜ್ಞೆಗೈದು, ಮನೆಯಲ್ಲಿ ಇನ್ನೊಮ್ಮೆ ನೋಡುತ್ತೇನೆಂದು ಕಡ ಪಡೆದ ಸೀಡಿಗಳನ್ನು ಅವನು ಎಂಟು ತಿಂಗಳು ಇಟ್ಟುಕೊಂಡ. ಪ್ರತಿಜ್ಞೆ ಉಳಿಯಿತು, ಅವನು ಹೋದ.

ಅದನ್ನು ತೀರಿಸಲು ನೀಲಾಂಬಿಕೆ ಕೈಚೀಲವೆಂಬ ಬತ್ತಳಿಕೆಯನ್ನು ಹೆಗಲಿಗೇರಿಸಿದಳು.

"ಎಲ್ಲಿಗೆ ಹೊಂಟೀಯವಾ?" ಒಳಗಿನಿಂದ ಅತ್ತೆ ಕೇಳಿದರು.

"ಗಲಗಲಿ ಮಾಸ್ತರ ಮನೀಗೆ, ಅತ್ತಿ. ಅವರ ಸೀಡಿ ಅದಾವು."

"ಆ ಸುಡುಗಾಡು ಸಿನಿಮಾದ್ದಾ? ಹೋಗ್ ಬಾ. ಬರೂಮುಂದ ಅರ್ಧ ಲೀಟರ್ ಮೊಸರು ತಾ."

ಹೀಗೆ ಆಶೀರ್ವಾದ ಪಡೆದು, ಆರು ಸಲ ಒದ್ದ ಮೇಲೆ ಎದ್ದ ಸ್ಕೂಟರೆಂಬ ದಿವ್ಯರಥವನ್ನೇರಿ ಅವಳು ಮಾಸ್ತರ ಮನೆಯಿದ್ದ ಮಾಳಮಡ್ಡಿಯ ಕಡೆ ಹೊರಟಳು. ನೀರು ತುಂಬುವ ಬಕೆಟನ್ನೇ ಹನ್ನೊಂದು ನಿಮಿಷ ತೋರಿಸುವ ಸಿನಿಮಾಗಳ ಮುಂದೆ ಗಂಡನ ಭುಜಕ್ಕೊರಗಿ ಆರು ವರ್ಷ ನಿದ್ದೆಗೈದ ವೀರವನಿತೆ ಅವಳು. ಆಟ ಮುಗಿದ ಮೇಲೆ ಒಂದೊಂದು ವಾಕ್ಯ ಹೇಳದೆ ಯಾರೂ ಏಳುವಂತಿಲ್ಲವೆಂಬುದು ಸಮಾಜದ ಕಟ್ಟಳೆ. ಅವಳ ವಾಕ್ಯ ಯಾವಾಗಲೂ ಒಂದೇ: "ಛಲೋ ಇತ್ರಿ."

ಶತ್ರುವು ಬನಿಯನ್ ತೊಟ್ಟು, ಚಾದರವನ್ನು ತಂತಿಯ ಮೇಲೆ ಒಣಹಾಕುತ್ತಿದ್ದ.

"ಬಾ ತಂಗಿ," ಎಂದರು ಮಾಸ್ತರು.

ಅವಳು ಅಸ್ತ್ರಗಳನ್ನು ಕಟ್ಟೆಯ ಮೇಲಿಟ್ಟು ಗರ್ಜಿಸಿದಳು. ಗರ್ಜನೆ ಬಹಳ ಸಣ್ಣದಾಗಿ ಹೊರಬಂತು. "ಅಂಕಿ ತಿದ್ರಿ ಮಾಸ್ತರ. ಆಮ್ಯಾಲೆ ತಗೋರಿ."

"ಹನ್ನೊಂದು ವರ್ಷ ಈ ಚಾದರಾ ಕಟ್ಟಿದಾಂವ ನಾನು!" ಮಾಸ್ತರು ಎದೆಯುಬ್ಬಿಸಿದರು. "ಮಳಿ ಬರ್ಲಿ, ಕರೆಂಟ್ ಹೋಗ್ಲಿ, ಒಬ್ಬನಽ ಕುಂತು ನೋಡೇನಿ, ಆಟ ನಿಲ್ಲಿಸಿಲ್ಲ. ನನಗ ಸಿನಿಮಾ ಕಲಿಸ್ತಾನ ಅಂವಾ, ನಿನ್ನೆ ಮೊನ್ನೆ..." ಅಲ್ಲಿಗೆ ಉಬ್ಬಿದ ಎದೆ ಇಳಿಯಿತು. "ಖರೇ ಅಂದಿದ್ದ ತಂಗಿ. ಆವತ್ತು ರಾತ್ರಿನಽ ನನಗ ಗೊತ್ತಾಗಿತ್ತು. ಅಷ್ಟು ಮಂದ್ಯಾಗ ಹೆಂಗ ಒಪ್ಕೊಳ್ಳಲಿ?"

ಒಳಹೋಗಿ ಸ್ಕೆಚ್ ಪೆನ್ ತಂದರು. "ಬರೂ ಐತವಾರ ಅವನ ಹೆಸರಿಲೆ ಇದನ್ನಽ ಹಾಕೂಣು. ಸರಿಯಾದ ಸಾಲಿನ್ಯಾಗ. ಊಟ ಮೊದಲು, ಸಾವು ಕಡೀಕ."

ಗೆಲುವು! ದೇವದುಂದುಭಿಗಳು ಮೊಳಗಬೇಕಾದ ಗಳಿಗೆ. ಪೆನ್ನಿನ ಮೊನೆ ಸೀಡಿಗೆ ತಾಗುವಷ್ಟರಲ್ಲಿ ನೀಲಾಂಬಿಕೆಗೆ ಒಂದು ನೆನಪಾಯಿತು. ಆ ಸಿನಿಮಾವನ್ನು ಗಂಡನೊಡನೆ ನಾಲ್ಕು ಸಲ ನೋಡಿದ್ದಳು. ನಾಲ್ಕು ಸಲವೂ ಸಾವಿನ ಹೊತ್ತಿಗೆ ನಿದ್ದೆ, ಸೈಕಲ್ ಗಂಟೆಗೆ ಎಚ್ಚರ. ಕಣ್ಣು ಬಿಟ್ಟರೆ ತೆರೆಯ ಮೇಲೆ ಆ ಆಳು ಕಾಲು ತೊಳೆಯುತ್ತಿರುತ್ತಿದ್ದ.

"ಬ್ಯಾಡ್ರಿ," ಎಂದಳು.

"ಏನು?"

"ತಪ್ಪಽ ಇರ್ಲಿ. ಅವರು ಹೇಳಿದ್ದು ಖರೇ ಅಂತ ಐತವಾರ ಎಲ್ಲಾರ ಮುಂದ ಹೇಳ್ರಿ, ಸಾಕು. ಹಾಕೂದು ಮಾತ್ರ ಹಿಂದಿನಂಗಽ ಹಾಕ್ರಿ. ಕಡೀಕ ಅಂವಾ ಮನೀಗೆ ಬರ್ಲಿ."

ಮಾಸ್ತರು ಪೆನ್ನಿನ ಟೋಪಿ ಹಾಕಲು ಬಹಳ ಹೊತ್ತು ತೆಗೆದುಕೊಂಡರು.

ಹೀಗೆ ಎಂಟು ತಿಂಗಳ ಮಹಾಸಮರವು, ಒಂದು ಅಂಕಿಯೂ ಬದಲಾಗದೆ, ತೊಟ್ಟು ಶಾಯಿಯೂ ಚೆಲ್ಲದೆ, ಬೆಳಗಿನ ಹತ್ತಕ್ಕೆ ಮುಗಿಯಿತು. ನೀಲಾಂಬಿಕೆ ಕಡ ತಂದ ಮೂರು ಸೀಡಿಗಳನ್ನೂ ಮಾಸ್ತರ ಕೈಗಿತ್ತಳು. ರಬ್ಬರ್ ಬ್ಯಾಂಡನ್ನು ಮಾತ್ರ ಬಿಚ್ಚಿಕೊಂಡಳು. ಅದು ಮನೆಯದು, ಮೊಸರಿನ ಚೀಲದ ಬಾಯಿ ಬಿಗಿಯಲು ಬೇಕಿತ್ತು.