ಕೆಂಪು ಚುಕ್ಕಿಯ ಪತಂಗವೂ ನನ್ನ ಷಡ್ಡಕರೂ

ಬಟ್ಟೆ ವ್ಯಾಪಾರಿಗಳಿಗೆ ಒಂದು ಚಟವಿರುತ್ತದೆ. ಎದುರಿಗೆ ಬಂದವರ ಮುಖ ನೋಡುವ ಮೊದಲು ಅವರು ಉಟ್ಟದ್ದನ್ನು ನೋಡುತ್ತೇವೆ. ಜೋರಾಪುರ ಪೇಟೆಯಲ್ಲಿ ಇಪ್ಪತ್ತೈದು ವರ್ಷ ಸೀರೆ, ಕುಪ್ಪಸದ ಖಣ ಮಾರಿ ನನಗೂ ಅದು ಅಂಟಿದೆ. ಅಂಗಡಿ ಬಿಟ್ಟು ಎಲ್ಲಿಗೂ ಹೋಗದಿರುವುದು ಇನ್ನೊಂದು. ಅದರ ದೆಸೆಯಿಂದಲೇ ಕಳ್ಳಕವಟಗಿಯಲ್ಲಿರುವ ನನ್ನ ಷಡ್ಡಕ ಬಸಣ್ಣನವರ ಹೊಸ ಮನೆಯ ವಾಸ್ತುಶಾಂತಿಗೆ ಹೋಗಲಿಲ್ಲ. ಗಿರಾಕಿ ಹೆಚ್ಚಿದ್ದಾರೆ ಎಂದು ಹೇಳಿ ಕಳಿಸಿದೆ. ಅವರು ಮಾತು ಬಿಟ್ಟರು. ಮೂರು ತಿಂಗಳು ತಡೆದ ಹೆಂಡತಿ ನೀಲಾ, “ನಮ್ಮ ಅಕ್ಕನ ಮನಿ ಬಾಗಲಾ ನನಗ ಮುಚ್ಚಸಬ್ಯಾಡ್ರಿ. ಬಂದು ತಪ್ಪಾತು ಅನ್ರಿ” ಎಂದು ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಸ್ಕೂಟರ್ ಹತ್ತಿಸಿದಳು.

ಟಿಕೋಟಾ ದಾಟಿದ ಮೇಲೆ ಕುರಿಹಿಂಡು ಅಡ್ಡ ಬಂತು. ತಪ್ಪೊಪ್ಪಿಗೆ ಎಷ್ಟು ತಡವಾದರೆ ಅಷ್ಟು ಒಳ್ಳೆಯದೆಂದು ನಾನು ಖುಷಿಯಿಂದಲೇ ಗಾಡಿ ನಿಲ್ಲಿಸಿ ಹೊಲದ ಒಡ್ಡಿನ ಕಡೆ ನಡೆದೆ. ಅಲ್ಲಿ ಸೆಣಬಿನ ಜಾತಿಯ, ಹಳದಿ ಹೂವಿನ ಒಂದು ಕಾಡುಗಿಡ. ಅದರ ಎಲೆಯ ಮೇಲೆ ಹೆಬ್ಬೆರಳ ಉಗುರಿನಷ್ಟು ಉದ್ದದ ಜೀವ. ಹಾಲುಬಿಳುಪಿನ ರೆಕ್ಕೆ, ಅದರ ಮೇಲೆ ಕರಿಯ ಚುಕ್ಕಿಗಳ ಸಾಲು, ಸಾಲುಗಳ ನಡುವೆ ಕುಂಕುಮದ ಬೊಟ್ಟುಗಳು. ಅಚ್ಚಿನ ಬಟ್ಟೆಯಲ್ಲಿ ಎಲ್ಲೋ ಒಂದು ಕಡೆ ಬಣ್ಣ ಹರಡಿಯೇ ಇರುತ್ತದೆ. ಅದನ್ನು ಹುಡುಕುವುದು ನನ್ನ ಕಸುಬು. ಬಗ್ಗಿ ನೋಡಿದೆ, ಮಂಡಿಯೂರಿ ನೋಡಿದೆ. ಒಂದು ಚುಕ್ಕಿಯೂ ಗೆರೆ ತಪ್ಪಿರಲಿಲ್ಲ.

“ಎಂಥಾ ಪಾತರಗಿತ್ತಿ ನೋಡ ನೀಲಾ” ಎಂದೆ.

ಕುರಿಗಳ ಹಿಂದೆ ಬಂದ ಅಜ್ಜಿ ನಕ್ಕಳು. “ಪಾತರಗಿತ್ತಿ ಅಲ್ರಿ ಯಪ್ಪಾ, ಪತಂಗ. ಪಾತರಗಿತ್ತಿ ಕುಂತ್ರ ಕೈ ಮುಗಿದಂಗ ರೆಕ್ಕಿ ಎತ್ತಿ ಹಿಡಿತೈತಿ. ಇದು ನೋಡ್ರಿ, ಶಾಲ ಹೊದ್ಕೊಂಡಂಗ ಕುಂತೈತಿ. ಆ ಗಿಡ ಕಹಿ, ನಮ್ಮ ಕುರಿ ಮುಟ್ಟಂಗಿಲ್ಲ. ಇದು ಹುಳಾ ಇದ್ದಾಗ ಅದನ್ನ ತಿಂದು ಬೆಳೀತೈತಿ. ಅದಕ್ಕ ಹಕ್ಕಿ ಬಾಯಾಗ ಹಾಕ್ಕೊಂಡ್ರೂ ಉಗಳತಾವ.”

ಹಾಡುಹಗಲಲ್ಲಿ ಅಷ್ಟು ಬಣ್ಣ ತೊಟ್ಟು ಬಯಲಲ್ಲಿ ಕೂರುವ ಧೈರ್ಯ ಅದಕ್ಕೆ ಎಲ್ಲಿಂದ ಬಂತೆಂದು ತಿಳಿಯಿತು. ನಾನೋ, ಷಡ್ಡಕರ ಮುಖಕ್ಕೆ ಹೆದರಿ ಗಿಡದ ಮರೆಯಲ್ಲಿ ಕೂತಿದ್ದೆ.

ಕಳ್ಳಕವಟಗಿ ತಲುಪಿದಾಗ ಮನೆಯ ಕಟ್ಟೆಯ ಮೇಲಿದ್ದ ಬಸಣ್ಣನವರು ನನ್ನತ್ತ ನೋಡಲಿಲ್ಲ. ತಡವೇಕಾಯಿತೆಂದು ಅಕ್ಕ ಕೇಳಿದಾಗ ನೀಲಾ ಪತಂಗದ ಕತೆ ಹೇಳಿದಳು. ಬಸಣ್ಣನವರ ಕಿವಿ ನೆಟ್ಟಗಾಯಿತು. “ಕೆಂಪ ಚುಕ್ಕಿ ಇದ್ದುವೇನು, ಕೇಳವ್ವಾ ಅವರನ್ನ” ಎಂದರು, ನಾನು ಎರಡು ಮಾರು ದೂರದಲ್ಲೇ ಇದ್ದರೂ. “ಇದ್ದುವಂತ ಹೇಳು” ಎಂದೆ ನಾನೂ. ಅವರು ಕಟ್ಟೆಯಿಂದ ಎದ್ದರು. “ನಮ್ಮ ಹೊಲದಾಗ ಅಂಥಾವು ಭಾಳ ಅದಾವ. ಬರ್ರಿ ಸಾವಕಾರ್ರ.”

ಅವರ ಹೊಲದ ಒಡ್ಡಿನ ಬಳಿ ಇಬ್ಬರೂ ಕುಕ್ಕರುಗಾಲಲ್ಲಿ ಕೂತೆವು. ಒಂದಲ್ಲ, ಏಳೆಂಟಿದ್ದವು. ಒಂದು ಹಾರಿದಾಗ ಒಳಗಿನ ರೆಕ್ಕೆ ಕಂಡಿತು: ಬಿಳಿ, ಅದಕ್ಕೆ ಕರಿಯ ಅಂಚು. ಅಂಥ ಅಂಚನ್ನು ಒಳಗೆ ಮಡಚಿಟ್ಟುಕೊಂಡು ಕೂರುವ ದೊಡ್ಡಸ್ತಿಕೆ ನನಗೆಲ್ಲಿ ಬರಬೇಕು? ನಾನಾದರೆ ಅಂಗಡಿಯ ಬಾಗಿಲಿಗೇ ನೇತು ಹಾಕುತ್ತಿದ್ದೆ.

ಇದೇ ಸರಿಯಾದ ಗಳಿಗೆಯೆಂದು, ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಶುರು ಮಾಡಿದೆ. “ಬಸಣ್ಣಾರ, ವಾಸ್ತುಶಾಂತಿಗೆ ನಾ ಬರಲಿಲ್ಲ, ಭಾಳ ತಪ್ಪಾತು. ಗಿರಾಕಿ ಬರ್ತಾರ, ಹೋಗ್ತಾರ, ಸಂಬಂಧ ಅನ್ನೂದು...”

ಬಸಣ್ಣನವರು ನನ್ನ ತೋಳು ಹಿಡಿದರು. “ಸುಮ್ನ ಕುಂದರ್ರಿ. ಹಾರಿ ಹೋಗತೈತಿ.”

ಮಾತು ಮಾರಿಯೇ ಹೊಟ್ಟೆ ಹೊರೆದ ನಾನು ಅರ್ಧ ಗಂಟೆ ಬಾಯಿ ಮುಚ್ಚಿ ಕೂತೆ. ಕೊನೆಗೆ ಏಳಲು ಹೋದರೆ ಎರಡೂ ಕಾಲು ಜೋಮು ಹಿಡಿದಿದ್ದವು. ಬಸಣ್ಣನವರೇ ಕೈ ಕೊಟ್ಟು ಎಬ್ಬಿಸಬೇಕಾಯಿತು.